ಹೆಚ್ಚುವರಿ ಇಂಗ್ಲಿಷ್ ಟೀಚರ್

ನಮ್ಮ ಶಾಲೆಯ ಇಂಗ್ಲಿಷ್ ಟೀಚರಿಗೆ ಮಕ್ಕಳು ಇಟ್ಟ ಹೆಸರು ‘ಇನ್ನೊಂದ್ಸಲ ಮಿಸ್’. ಯಾವ ಬ್ಯಾಚಿನ ಪುಣ್ಯಾತ್ಮರು ಇಟ್ಟರೋ ಗೊತ್ತಿಲ್ಲ, ನಾನು ಲೆಕ್ಕದ ಮೇಷ್ಟ್ರಾಗಿ ಇಲ್ಲಿಗೆ ಬರುವ ಹೊತ್ತಿಗೆ ಅದು ಹಳೆಯ ಹೆಸರಾಗಿತ್ತು. ಅವರ ತರಗತಿಯಲ್ಲಿ ಒಂದು ವಾಕ್ಯವನ್ನು ಎಲ್ಲರೂ ಒಟ್ಟಿಗೆ ಹೇಳಬೇಕು. ಯಾವುದೋ ಮೂಲೆಯಲ್ಲಿ ಒಬ್ಬ ದನಿ ಹೊರಡಿಸದೆ ಬರೀ ತುಟಿ ಆಡಿಸಿದರೆ ಆ ಮಹಾತಾಯಿಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ. ಸಿಟ್ಟಿಲ್ಲ, ಬೈಗುಳವಿಲ್ಲ, ‘ಇನ್ನೊಂದ್ಸಲ’ ಎನ್ನುತ್ತಾರೆ ಅಷ್ಟೆ. ಗೋಡೆಯಾಚೆ ನನ್ನ ತರಗತಿ. ನಾನಿಲ್ಲಿ ಭಿನ್ನರಾಶಿ ಹೇಳಿಕೊಡುತ್ತಿದ್ದರೆ ಅಲ್ಲಿಂದ ಅಷ್ಟೂ ಗಂಟಲುಗಳು ಒಂದೇ ಸಮ ಕೂಗಿಕೊಳ್ಳುತ್ತವೆ. ಎಷ್ಟೋ ಸಲ ನನ್ನ ಮಕ್ಕಳೂ ತಮಗರಿವಿಲ್ಲದೆ ಅದಕ್ಕೆ ದನಿಗೂಡಿಸಿದ್ದುಂಟು. ನಾನು ರೇಗಿ ಗೋಡೆ ಗುದ್ದಿದ್ದೂ ಉಂಟು.

ಗಿಡ್ಡ ಹೆಂಗಸು, ತೆಳ್ಳನೆ ಮೈ, ನಡಿಗೆ ಮಾತ್ರ ಬಿರುಸು. ಇಂಗ್ಲಿಷನ್ನು ಇದೇ ಶಾಲೆಯ ಇದೇ ಬೆಂಚುಗಳ ಮೇಲೆ ಕೂತು ಕಲಿತವರು. ಪ್ರಶ್ನೆ ಎಷ್ಟೇ ಚಿಕ್ಕದಿರಲಿ, ಉತ್ತರ ಪೂರ್ತಿ ವಾಕ್ಯದಲ್ಲೇ ಬರಬೇಕು ಎಂಬುದು ಅವರ ಹಟ. ‘ಹೌದು’, ‘ಇಲ್ಲ’ ಎಂದು ಮೊಟಕಾಗಿ ಹೇಳಿದ ಮಗುವನ್ನು, ಬಟ್ಟೆ ಹಾಕಿಕೊಳ್ಳದೆ ಬೀದಿಗೆ ಬಂದವರನ್ನು ನೋಡುವ ಹಾಗೆ ನೋಡುತ್ತಿದ್ದರು.

ಊಟದ ಬೆಲ್ಲು ಹೊಡೆಯಿತೋ, ಇನ್ನೊಂದ್ಸಲ ಮಿಸ್ ಚಪ್ಪಲಿ ಮೆಟ್ಟಿಕೊಂಡು ಓಟ ಕೀಳುತ್ತಿದ್ದರು. ಮನೆ ಶಾಲೆಯ ಹಿಂದಿನ ಬೀದಿಯಲ್ಲೇ. ಅಲ್ಲಿ ಅತ್ತೆ ಇದ್ದಾರೆ. ಲಕ್ವ ಹೊಡೆದು ಅತ್ತೆಯ ಬಲಗೈ ಬಿದ್ದುಹೋಗಿತ್ತು, ಬಾಯಿ ಬಿದ್ದಿರಲಿಲ್ಲ. ಗಂಡ ಲಾರಿ ಓಡಿಸುವವರು, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಮಗಳು ದೂರದಲ್ಲಿ ನರ್ಸಿಂಗ್ ಓದುತ್ತಿದ್ದಳು. ಪಕ್ಕದ ಮನೆಯಾಕೆ ಒಂದು ದಿನ ಪಾಪವೆಂದು ಊಟ ಮಾಡಿಸಲು ಹೋದರೆ ಮುದುಕಿ ಹಲ್ಲು ಕಚ್ಚಿ ಕೂತುಬಿಟ್ಟಿತಂತೆ. ಉಣ್ಣಿಸಲು ಸೊಸೆಯ ಕೈಯೇ ಆಗಬೇಕು, ತುತ್ತು ದೊಡ್ಡದಾಯಿತು ಎಂದು ಬೈಸಿಕೊಳ್ಳಲೂ ಸೊಸೆಯೇ ಆಗಬೇಕು. ಅಷ್ಟನ್ನೂ ಮುಗಿಸಿ, ಮುದುಕಿಯ ಬಾಯಿ ಒರೆಸಿ, ತಾವು ನಿಂತುಕೊಂಡೇ ಎರಡು ತುತ್ತು ನುಂಗಿ, ಮುಂದಿನ ಬೆಲ್ಲಿಗೆ ಸರಿಯಾಗಿ ಬೋರ್ಡಿನ ಮುಂದೆ ನಿಂತಿರುತ್ತಿದ್ದರು.

ಇಂಥವರ ತಲೆಯ ಮೇಲೆ ವಿದೇಶದ ಸ್ವಯಂಸೇವಕರು ಬಂದು ಕೂತರು. ಯಾವುದೋ ಸಂಸ್ಥೆ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲೆಂದು ವರ್ಷಕ್ಕೊಬ್ಬರನ್ನು ಕಳಿಸುತ್ತಿತ್ತು. ಬಂದವರೆಲ್ಲ ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಸಂಬಳವಿಲ್ಲದೆ, ಪರಿಚಯವಿಲ್ಲದ ದೇಶಕ್ಕೆ ಬಂದು, ಸೊಳ್ಳೆ ಕಚ್ಚಿಸಿಕೊಂಡು ನಗುನಗುತ್ತಾ ಇರುವುದೇನು ಸಾಮಾನ್ಯವೇ? ಆದರೆ ಅವರನ್ನು ಉಳಿಸುವುದೆಲ್ಲಿ? ನಮ್ಮ ಹೆಡ್ ಮಾಸ್ಟರು ಯಾವುದಕ್ಕೂ ‘ಆಗಲಿ ನೋಡೋಣ’ ಎನ್ನುವವರು, ಈ ವಿಷಯದಲ್ಲಿ ಮಾತ್ರ ತಟ್ಟನೆ ತೀರ್ಮಾನ ಮಾಡಿದರು.

“ಇಂಗ್ಲಿಷ್ ಮಾತಾಡಕ್ಕೆ ಬರೋದು ನಿಮಗೊಬ್ಬರಿಗೇ ಅಲ್ವಾ ಮೇಡಂ? ನಿಮ್ಮ ಮನೇಲೇ ಇರ್ಲಿ ಬಿಡಿ.”

ಅಲ್ಲಿಗೆ ಮುಗಿಯಿತು. ಅವರ ಮನೆಯ ಮುಂದಿನ ಕೋಣೆ ಅತಿಥಿಗಳ ಪಾಲಾಯಿತು. ಒಬ್ಬ ಮಹಾರಾಯ ಕುಡಿಯುವ ನೀರಿನ ಡ್ರಮ್ಮಿನಲ್ಲಿ ಕಾಲುಚೀಲ ಒಗೆದ. ಇನ್ನೊಬ್ಬಳು ಹಲ್ಲಿ ಕಂಡರೆ ಮಂಚ ಹತ್ತಿ ನಿಲ್ಲುತ್ತಿದ್ದಳು. ಜ್ವರ ಬಂದರೆ ಡಾಕ್ಟರ ಬಳಿಗೆ, ವೀಸಾ ಮುದ್ರೆಗೆ ಕಚೇರಿಗೆ, ಎಲ್ಲಕ್ಕೂ ಇನ್ನೊಂದ್ಸಲ ಮಿಸ್ಸೇ ಜೊತೆ. ತರಗತಿಯಲ್ಲೋ, ಬಂದವರು ಚೆಂಡು ಎಸೆದು ಹಿಡಿಸುತ್ತಾ, ತಲೆ ಮುಟ್ಟಿ ಮಂಡಿ ಮುಟ್ಟಿ ಹಾಡು ಹೇಳಿಸುತ್ತಾ ಮಕ್ಕಳ ಮನಸ್ಸು ಗೆದ್ದುಬಿಡುತ್ತಿದ್ದರು. ಕೆಲವು ತಿಂಗಳಿಗೆ ಹೊರಟು ನಿಂತಾಗ ಗೇಟಿನ ಬಳಿ ಗೋಳೋ ಎಂದು ಅಳು. ಅವರೂ ಅಳುವುದು, ಮಕ್ಕಳೂ ಅಳುವುದು. ಅಷ್ಟೊತ್ತಿಗೆ ಪರೀಕ್ಷೆ ತಲೆಯ ಮೇಲೆ ಬಂದಿರುತ್ತಿತ್ತು, ಪುಸ್ತಕದಲ್ಲಿ ಅರ್ಧ ಪಾಠ ಬಾಕಿ. ಆಗ ಚಾಕ್‌ಪೀಸ್ ಹಿಡಿದು ಇನ್ನೊಂದ್ಸಲ ಮಿಸ್ ಬರುವರು. ಮಕ್ಕಳು ಅವರನ್ನು ಕಹಿ ಔಷಧದ ಹಾಗೆ ಕಣ್ಣು ಮುಚ್ಚಿ ನುಂಗಿಕೊಂಡು ಪಾಸಾಗುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರಿಗೆ ಉರಿಯುತ್ತಿರಲಿಲ್ಲ. “ಮಕ್ಕಳಿಗೆ ಖುಷಿ ಆಗುತ್ತಲ್ಲ ಸಾರ್, ಇರ್ಲಿ ಬಿಡಿ” ಎನ್ನುತ್ತಿದ್ದರು. ಹೆಡ್ ಮಾಸ್ಟರು ಗೇಟಿಗೊಂದು ದೊಡ್ಡ ಬೋರ್ಡು ಬರೆಸಿದರು: ಈ ಶಾಲೆಯಲ್ಲಿ ವಿದೇಶಿ ಶಿಕ್ಷಕರು ಇಂಗ್ಲಿಷ್ ಕಲಿಸುತ್ತಾರೆ. ಮಳೆ ಬಂದರೆ ಮೂರು ತರಗತಿ ಸೋರುವ ಶಾಲೆಗೆ ಆ ಬೋರ್ಡು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಮುಖದ ಮೇಲೆಯೇ ಅಂದೆ. ಅದರ ಕೆಳಗೆ ಇಂಗ್ಲಿಷಿನಲ್ಲೂ ಒಂದು ಸಾಲು ಬೇಕಾಗಿತ್ತು. ಅದನ್ನು ತಪ್ಪಿಲ್ಲದಂತೆ ಬರೆದುಕೊಟ್ಟವರು ಬೇರೆ ಯಾರೂ ಅಲ್ಲ, ಇನ್ನೊಂದ್ಸಲ ಮಿಸ್ಸೇ.

ಆ ವರ್ಷ ಬಂದವಳು ಒಬ್ಬ ಉದ್ದನೆಯ ಹುಡುಗಿ. ಮಕ್ಕಳು ಮೊದಲ ದಿನವೇ ‘ಜಿರಾಫೆ ಅಕ್ಕ’ ಎಂದು ಹೆಸರಿಟ್ಟರು, ಅದರ ಅರ್ಥ ತಿಳಿದ ಮೇಲೂ ಅವಳು ಬೇಸರಿಸಲಿಲ್ಲ. ನಮ್ಮ ಮಾತನ್ನು ಎಡವಿಕೊಂಡೇ ಆಡುತ್ತಿದ್ದಳು. ಇನ್ನೊಂದ್ಸಲ ಮಿಸ್ಸನ್ನು ‘ಅಕ್ಕ’ ಎನ್ನುವಳು, ಅವರ ಅತ್ತೆಯನ್ನು ‘ಅಜ್ಜಿ’ ಎನ್ನುವಳು. ಅಜ್ಜಿ ಅವಳನ್ನು ನೋಡಿ, “ಇದೇನೇ ಇಷ್ಟುದ್ದ? ಅಟ್ಟದ ಮೇಲಿನ ಡಬ್ಬ ತೆಗೆಯಕ್ಕಾದ್ರೂ ಆಗುತ್ತೆ ಬಿಡು” ಎಂದಿತಂತೆ. ನಿಜಕ್ಕೂ ಡಬ್ಬ ತೆಗೆಸಿತು ಕೂಡ.

ಆಗಲೇ ಇಲಾಖೆಯ ಆದೇಶ ಬಂದದ್ದು. ಸ್ವಯಂಸೇವಕರು ಇಂಗ್ಲಿಷ್ ಕಲಿಸುತ್ತಿರುವ ಶಾಲೆಗಳಲ್ಲಿ ಇಂಗ್ಲಿಷ್ ಶಿಕ್ಷಕರು ‘ಹೆಚ್ಚುವರಿ’, ಅಂಥವರನ್ನು ಇಂಗ್ಲಿಷ್ ಶಿಕ್ಷಕರೇ ಇಲ್ಲದ ಶಾಲೆಗೆ ಕಳಿಸತಕ್ಕದ್ದು. ಆದರೆ ಸ್ವಯಂಸೇವಕರು ಪಾಠ ಮಾಡುತ್ತಾರೋ ಬರೀ ಆಟ ಆಡಿಸುತ್ತಾರೋ ಎಂದು ಸಾಹೇಬರೊಬ್ಬರು ಬಂದು ನೋಡಿ ತೀರ್ಮಾನಿಸುವರು. ನಮ್ಮ ಕಡೆ ಇಂಗ್ಲಿಷ್ ಶಿಕ್ಷಕರಿಲ್ಲದ ಶಾಲೆ ಎಂದರೆ ಒಂದೇ, ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ್ದು. ಬೆಳಗ್ಗೆ ಕತ್ತಲಲ್ಲಿ ಹೊರಟರೆ ಸಂಜೆ ಕತ್ತಲಾದ ಮೇಲೆ ಮನೆ.

ಇನ್ನೊಂದ್ಸಲ ಮಿಸ್ ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ಕಾಗದ ಮಡಚಿಟ್ಟರು.

“ಮಧ್ಯಾಹ್ನ ಅತ್ತೆಗೆ ಯಾರು ಸಾರ್ ಊಟ ಮಾಡಿಸ್ತಾರೆ?” ಎಂದು ಕೇಳಿದರು. ಸಂಬಳ, ದೂರ, ಬಸ್ಸು ಯಾವುದನ್ನೂ ಕೇಳಲಿಲ್ಲ. ಅದೊಂದನ್ನೇ ಕೇಳಿದರು.

ನಾನೊಂದು ಉಪಾಯ ಹೇಳಿದೆ. ಸಾಹೇಬರು ಬಂದ ದಿನ ಪಾಠ ಅವರೇ ಮಾಡಲಿ, ಉದ್ದನೆಯ ಹುಡುಗಿ ಕೊನೆಯ ಬೆಂಚಿನಲ್ಲಿ ಕೂತು ನೋಡುತ್ತಿರಲಿ. ಅವಳು ನೆರವಿಗೆ ಮಾತ್ರ, ಕಲಿಸುವವರು ಇವರು ಎಂದು ಕಣ್ಣಿಗೆ ಕಂಡಮೇಲೆ ಯಾರು ಹೆಚ್ಚುವರಿ ಎನ್ನಲು ಸಾಧ್ಯ? ಹೆಡ್ ಮಾಸ್ಟರು “ಆಗಲಿ ನೋಡೋಣ” ಎಂದರು. ಹುಡುಗಿಗೆ ವಿಷಯ ತಿಳಿದು ಮುಖ ಕೆಂಪಗಾಯಿತು.

“ನಾನು ಸಹಾಯ ಮಾಡಲು ಬಂದೆ. ನನ್ನಿಂದ ಅಕ್ಕ ಹೋಗುವುದಾ?” ಎಂದು ಮತ್ತೆ ಮತ್ತೆ ಕೇಳಿದಳು.

ಸಾಹೇಬರು ಬಂದರು. ಕನ್ನಡಕವನ್ನು ಹಣೆಗೆ ಏರಿಸಿಕೊಂಡ, ಮೆತ್ತನೆ ಮಾತಿನ ಮನುಷ್ಯ. ಆ ಹೊತ್ತಿನಲ್ಲಿ ನನಗೆ ಪೀರಿಯಡ್ ಇರಲಿಲ್ಲ, ಬಾಗಿಲ ಪಕ್ಕ ನಿಂತು ನೋಡುತ್ತಿದ್ದೆ. ಪಾಠ ಎಂದರೆ ಅದು ಪಾಠ. ಮಕ್ಕಳು ಓದಿದರು, ಬೋರ್ಡಿನ ಮೇಲೆ ಬರೆದರು, ಕೇಳಿದ್ದಕ್ಕೆಲ್ಲ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಟ್ಟರು. ಸಾಹೇಬರೇ ಪುಸ್ತಕದಲ್ಲಿಲ್ಲದ ಪ್ರಶ್ನೆ ಹಾಕಿದರೂ ಒಬ್ಬರೂ ತಡವರಿಸಲಿಲ್ಲ. “ಬಹಳ ಚೆನ್ನಾಗಿದೆ” ಎಂದು ಸಾಹೇಬರು ಪೆನ್ನಿನ ಮುಚ್ಚಳ ಹಾಕಿ ಎದ್ದರು. ನಾನು ಗೆದ್ದೆವು ಎಂದುಕೊಂಡೆ. ಹೊರಡುವ ಮುನ್ನ ಪ್ರೀತಿಗೆಂದು ಅವರೊಂದು ಮಾತು ಕೇಳಿದರು, ಅದೂ ಇಂಗ್ಲಿಷಿನಲ್ಲಿ: ನಿಮ್ಮ ಇಂಗ್ಲಿಷ್ ಟೀಚರ್ ಯಾರು ಮಕ್ಕಳೇ?

ಇಡೀ ತರಗತಿ ಹಿಂದಕ್ಕೆ ತಿರುಗಿತು. ಎಲ್ಲ ಬೆರಳೂ ಕೊನೆಯ ಬೆಂಚಿನತ್ತ ಚಾಚಿದವು. “ಶಿ ಈಸ್ ಅವರ್ ಇಂಗ್ಲಿಷ್ ಟೀಚರ್!”

ಪೂರ್ತಿ ವಾಕ್ಯ. ಒಂದು ತಪ್ಪಿಲ್ಲ. ಆದರೆ ಕಿಟಕಿಯ ಪಕ್ಕದ ಇಬ್ಬರು ಹಿಂದೆ ಬಿದ್ದು, ಕೊನೆಯ ಪದವನ್ನು ಬಾಯಲ್ಲೇ ನುಂಗಿಬಿಟ್ಟರು. ಇನ್ನೊಂದ್ಸಲ ಮಿಸ್ ಏನು ಯೋಚಿಸುತ್ತಿದ್ದರೋ, ಯೋಚಿಸುತ್ತಿದ್ದರೋ ಇಲ್ಲವೋ, ಅಷ್ಟು ವರ್ಷಗಳ ಅಭ್ಯಾಸ ಬಾಯಿಂದ ತಾನಾಗಿ ಹೊರಬಿತ್ತು.

“ಇನ್ನೊಂದ್ಸಲ.”

ಈ ಸಲ ಮಕ್ಕಳು ಕಿಟಕಿಯ ಗಾಜು ನಡುಗುವ ಹಾಗೆ ಹೇಳಿದರು. ಗೋಡೆಯಾಚೆ ನನ್ನ ತರಗತಿಯ ಕತ್ತೆಗಳೂ ದನಿಗೂಡಿಸಿದವು. ಸಾಹೇಬರು ನಕ್ಕು, ಬೋರ್ಡಿನ ಮುಂದಿದ್ದವರನ್ನು ತೋರಿಸಿ, “ಹಾಗಾದ್ರೆ ಇವರ್ಯಾರು?” ಎಂದರು. ಮುಂದಿನ ಬೆಂಚಿನ ಒಂದು ಮಗು ಎದ್ದು ನಿಂತು, “ಇವರು ಪಾಠ ಮಾಡ್ತಾರೆ ಸಾರ್” ಎಂದಿತು. ಸಾಹೇಬರು ಮತ್ತೆ ಪೆನ್ನಿನ ಮುಚ್ಚಳ ತೆಗೆದರು.

ಅಲ್ಲೇ ಎಲ್ಲರ ಕಿವಿ ಹಿಂಡಬೇಕು ಎನ್ನಿಸುವಷ್ಟು ಸಿಟ್ಟು ನನಗೆ. ಆದರೆ ಆ ಮಕ್ಕಳು ಸುಳ್ಳಾದರೂ ಏನು ಹೇಳಿದ್ದವು? ದಿನಾ ಬೆಳಗ್ಗೆ ಗೇಟಿನಲ್ಲಿ ಓದುತ್ತಿದ್ದುದನ್ನೇ ಹೇಳಿದ್ದವು. ಅಷ್ಟು ಚೆನ್ನಾಗಿ ಓದಲು ಕಲಿಸಿದವರು ಯಾರು ಎಂದು ಗೇಟಿನಲ್ಲಿ ಬರೆದಿರಲಿಲ್ಲ.

ವರ್ಗಾವಣೆ ಆಯಿತು. ಅತ್ತೆ ಉದ್ದನೆಯ ಹುಡುಗಿಯ ಜೊತೆ ಮಾತು ಬಿಟ್ಟರು. ಮಾತು ಬಿಟ್ಟರು ಎಂದರೆ, ಅವಳಿಗೆ ಕೇಳುವ ಹಾಗೆ ಗೋಡೆಯ ಜೊತೆ ಮಾತಾಡಿದರು. “ಉಂಡ ಮನೆಗೆ ಎರಡು ಬಗೆದ್ಲು” ಎಂದರು. “ಸುಮ್ನಿರಿ ಅತ್ತೆ, ಮಗೂದೇನಿದೆ ಇದ್ರಲ್ಲಿ?” ಎಂದು ಸೊಸೆ ಮೊದಲ ಬಾರಿಗೆ ಅತ್ತೆಯ ಮೇಲೆ ದನಿ ಎತ್ತಿದರಂತೆ.

ಹುಡುಗಿ ಮರುದಿನ ಹೆಡ್ ಮಾಸ್ಟರ ಮುಂದೆ ನಿಂತು, ಮಧ್ಯಾಹ್ನದವರೆಗೆ ತರಗತಿಗೆ ಬರುತ್ತೇನೆ, ಆಮೇಲೆ ಬರುವುದಿಲ್ಲ ಎಂದಳು. ಏಕೆ ಎಂದರೆ, “ನನಗೆ ಬೇರೆ ಸೇವೆ ಇದೆ” ಎಂದಳು. ಸಮುದ್ರ ದಾಟಿ ಇಂಗ್ಲಿಷ್ ಕಲಿಸಲು ಬಂದವಳು ಊಟದ ಬೆಲ್ಲಿಗೆ ಆ ಉದ್ದ ಕಾಲುಗಳಲ್ಲಿ ಹಿಂದಿನ ಬೀದಿಗೆ ಓಡತೊಡಗಿದಳು. ಮೊದಲ ದಿನ ಮುದುಕಿ ಹಲ್ಲು ಕಚ್ಚಿ ಕೂತಿತು. ಎರಡನೆಯ ದಿನವೂ ಅಷ್ಟೆ. ಮೂರನೆಯ ದಿನ ಹುಡುಗಿ ತಟ್ಟೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳಂತೆ. ಅದನ್ನು ನೋಡಲಾರದೆ ಮುದುಕಿ, “ಸಾಕು ತಾ ಇಲ್ಲಿ, ತಣ್ಣಗಾಗುತ್ತೆ” ಎಂದು ಬಾಯಿ ತೆರೆಯಿತು.

ಇನ್ನೊಂದ್ಸಲ ಮಿಸ್ ರಜೆಯ ದಿನ ನಮ್ಮ ಮನೆಗೆ ಬಂದಾಗ ಹೊಸ ಶಾಲೆಯ ಸುದ್ದಿ ಹೇಳುತ್ತಿದ್ದರು. ಅಲ್ಲಿ ವರ್ಷಗಟ್ಟಲೆ ಇಂಗ್ಲಿಷಿಗೆ ಯಾರೂ ಇರಲಿಲ್ಲ. ದೊಡ್ಡ ಮಕ್ಕಳ ಇಂಗ್ಲಿಷ್ ಪುಸ್ತಕಗಳು ಒಂದು ಕಲೆಯಿಲ್ಲದೆ ಅಂಗಡಿಯಿಂದ ತಂದ ಹಾಗೇ ಇದ್ದವು. “ಪುಸ್ತಕ ಕೊಳೆ ಮಾಡಿ ಅಂತ ಮಕ್ಕಳಿಗೆ ಹೇಳಬೇಕಾಯ್ತು ಸಾರ್” ಎಂದು ನಗುವರು. ಬಸ್ಸಿನಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡಿತ್ತು. ಆದರೂ ಮೊದಲ ಸಲ ಒಂದು ವಾಕ್ಯವನ್ನು ಓದಿದ ಮಗುವಿನ ಬಗ್ಗೆ ಹೇಳುವಾಗ ಸೊಂಟದ ಮಾತು ಮರೆತೇಹೋಗುತ್ತಿತ್ತು.

ಹುಡುಗಿ ಹೊರಡುವ ದಿನ ಹತ್ತಿರ ಬಂದಿತ್ತು. ಒಂದು ಸಂಜೆ ಶಾಲೆಯ ಮೆಟ್ಟಿಲಿನ ಮೇಲೆ ನನ್ನ ಪಕ್ಕ ಬಂದು ಕೂತಳು.

“ಸಾರ್, ನೀವು ಲೆಕ್ಕದವರು. ನನಗೆ ಆ ರೂಲ್ ಹೇಳಿ. ಅಕ್ಕ ಇರುವ ಶಾಲೆಗೆ ನಮ್ಮ ಸಂಸ್ಥೆಯವರು ಬಂದರೆ ಏನಾಗುತ್ತದೆ?”

“ಏನಾಗುತ್ತೆ, ಅಲ್ಲೂ ಅವರು ಹೆಚ್ಚುವರಿ ಆಗ್ತಾರೆ.”

“ಇಲ್ಲಿಗೆ ಯಾರೂ ಬರದಿದ್ದರೆ?”

“ಇಲ್ಲಿ ಇಂಗ್ಲಿಷಿಗೆ ಯಾರೂ ಇಲ್ಲದ ಹಾಗಾಯ್ತು. ಹೆಚ್ಚುವರಿ ಆದವರನ್ನ ಇಲ್ಲಿಗೆ ಕಳಿಸಬೇಕು.”

ಹೇಳುತ್ತಾ ಹೇಳುತ್ತಾ ನಾನೇ ಬೆಪ್ಪಾಗಿ ಅವಳ ಮುಖ ನೋಡಿದೆ. ಅವಳು ಏನೂ ಅರಿಯದ ಮಗುವಿನಂತೆ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಗಾದೆ ಅವರ ದೇಶದಲ್ಲೂ ಇರಬೇಕು.

ಅವಳು ಹೋದಳು, ಬೇಸಿಗೆ ರಜೆ ಬಂತು. ಶಾಲೆ ಮತ್ತೆ ತೆರೆದಾಗ ನಮ್ಮಲ್ಲಿಗೆ ವಿದೇಶದವರು ಯಾರೂ ಬರಲಿಲ್ಲ. ಇಂಗ್ಲಿಷ್ ಪೀರಿಯಡ್ಡಿಗೆ ಹೆಡ್ ಮಾಸ್ಟರು ನನ್ನನ್ನೇ ತಳ್ಳಿದರು. ನಾನು ಕಲಿಸಿದ ಇಂಗ್ಲಿಷನ್ನು ಮಕ್ಕಳು ಮನೆಯಲ್ಲಿ ಆಡಿರಬೇಕು, ಏಕೆಂದರೆ ಬೇಗನೇ ತಂದೆತಾಯಂದಿರು ಗೇಟಿಗೆ ಬಂದು, ಬೋರ್ಡು ತೋರಿಸಿ ಜಗಳ ತೆಗೆದರು. ಅಲ್ಲಿ ಹಿಂದಿನ ಬೀದಿಯಲ್ಲಿ ಮುದುಕಿ ಮಧ್ಯಾಹ್ನ ಮತ್ತೆ ಹಲ್ಲು ಕಚ್ಚತೊಡಗಿತ್ತು. ಬೆಳಗ್ಗೆ ಕತ್ತಲಲ್ಲಿ ಸೊಸೆ ಉಣ್ಣಿಸಿ ಹೋದದ್ದೇ, ಮತ್ತೆ ಉಣ್ಣುತ್ತಿದ್ದುದು ರಾತ್ರಿ. ಒಂದು ದಿನ ನೋಡಲು ಹೋದರೆ ಮಂಚದ ಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ಇಳಿದುಹೋಗಿತ್ತು. ಬೈಯಲೂ ಶಕ್ತಿ ಇರಲಿಲ್ಲ, ಅದು ನನಗೆ ಭಯ ಹುಟ್ಟಿಸಿತು.

ಅತ್ತ ಆ ದೂರದ ಶಾಲೆಗೆ ಬೆನ್ನಿಗೆ ಚೀಲ ಏರಿಸಿಕೊಂಡು ಒಬ್ಬ ವಿದೇಶದ ತರುಣ ಬಂದಿಳಿದ. ಇನ್ನೊಂದ್ಸಲ ಮಿಸ್ ಅವನನ್ನು ಕಂಡು ಮೊದಲು ಹಣೆ ಚಚ್ಚಿಕೊಂಡರಂತೆ, ಆಮೇಲೆ “ಊಟ ಆಯ್ತಾ?” ಎಂದು ಕೇಳಿದರಂತೆ. ತನ್ನನ್ನು ಇಲ್ಲಿಗೇ ಕಳಿಸಬೇಕೆಂದು ಸಂಸ್ಥೆಗೆ ದುಂಬಾಲು ಬಿದ್ದವಳು ಒಬ್ಬ ಉದ್ದನೆಯ ಹುಡುಗಿ ಎಂದು ಅವನು ಹೇಳಿದಾಗಲೇ ಅವರಿಗೆ ಎಲ್ಲವೂ ಹೊಳೆದದ್ದು. ಸಾಹೇಬರು ಅಲ್ಲಿಗೂ ಹೋದರು, ಪೆನ್ನಿನ ಮುಚ್ಚಳ ತೆಗೆದರು. ಇವರು ಅಲ್ಲೂ ಹೆಚ್ಚುವರಿಯಾದರು. ಅಲ್ಲಿಂದ ನಮ್ಮ ಶಾಲೆಗೆ ವರ್ಗ.

ಅವರು ವಾಪಸ್ ಬಂದ ದಿನ ಸಂಜೆ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಮಧ್ಯಾಹ್ನ ಮುದುಕಿ ಹೊಟ್ಟೆ ತುಂಬ ಉಂಡು, “ಆ ಉದ್ದನೆಯವಳು ತುತ್ತು ಸಣ್ಣದಾಗಿ ಮಾಡ್ತಿದ್ಲು” ಎಂದು ಸೊಸೆಯನ್ನು ಬೈದಿತ್ತಂತೆ. ಮತ್ತೆ ಬೈಯುವಷ್ಟು ಶಕ್ತಿ ಬಂತಲ್ಲ ಎಂದು ನಾನು ಖುಷಿಯಾಗಿ ನಕ್ಕೆ. ಅವರೂ ನಗಬೇಕಿತ್ತು.

“ಆರ್ಡರ್ ಕೈಗೆ ಬಂದಾಗ ನಂಗೆ ಎಷ್ಟು ಸಂತೋಷ ಆಯ್ತು ಗೊತ್ತಾ ಸಾರ್?” ಎಂದರು. “ಅಷ್ಟು ಸಂತೋಷ ಆಯ್ತಲ್ಲ ಅಂತಲೇ ಈಗ ನಾಚಿಕೆ ಆಗ್ತಿದೆ.”

“ನಾಚಿಕೆ ಯಾಕೆ ಮೇಡಂ? ಅಲ್ಲಿಗೆ ಆ ಹುಡುಗ ಬಂದಿದ್ದಾನಲ್ಲ.”

“ಬಂದಿದ್ದಾನೆ. ನಾಲ್ಕು ತಿಂಗಳಿಗೆ ಹೋಗ್ತಾನೆ. ಪೋರ್ಷನ್ ಮುಗಿಸೋದು ಹೇಗೆ ಅಂತ ಪಕ್ಕದಲ್ಲಿ ಕೂರಿಸ್ಕೊಂಡು ಹೇಳ್ಕೊಟ್ಟೆ. ಒಳ್ಳೆ ಹುಡುಗ, ಕಲೀತಾನೆ. ಆದ್ರೆ ಹೋಗ್ತಾನಲ್ಲ ಸಾರ್. ಇಲ್ಲಿ ಅವರು ಹೋದ್ರೆ ನಾನು ಇರ್ತಿದ್ದೆ. ಅಲ್ಲಿ ಯಾರಿದ್ದಾರೆ?”

ಆಮೇಲೆ ಅಲ್ಲಿನ ಕೊನೆಯ ದಿನದ ಸಂಗತಿ ಹೇಳಿದರು. ತರಗತಿ ಮುಗಿಸಿ, ನಾಳೆಯಿಂದ ನಾನು ಬರುವುದಿಲ್ಲ ಎಂದಿದ್ದಾರೆ. ಯಾರೂ ಅಳಲಿಲ್ಲವಂತೆ. ಟೀಚರುಗಳು ಹೋಗುವುದು ಆ ಮಕ್ಕಳಿಗೆ ಹೊಸದಲ್ಲ. ಎಲ್ಲರೂ ಚೀಲ ಏರಿಸಿಕೊಂಡು ಹೊರಟ ಮೇಲೆ, ಓದಲು ಶುರುಮಾಡಿ ಇನ್ನೂ ಒಂದು ವರ್ಷವಾಗದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಳು.

“ಯಾಕೆ ಹೋಗ್ತೀರಾ ಮಿಸ್? ನಿಮ್ಮೂರಲ್ಲಿ ಇಂಗ್ಲಿಷ್ ಟೀಚರ್ ಇಲ್ವಾ?” ಎಂದು ಕೇಳಿದಳಂತೆ.

“ಇಲ್ಲ ಮಗು” ಎಂದರಂತೆ ಇವರು.

ಟೀಚರ್ ಇಲ್ಲದಿದ್ದರೆ ಹೇಗಿರುತ್ತದೆ ಎಂದು ಆ ಹುಡುಗಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಅಯ್ಯೋ ಪಾಪ” ಎಂದಳಂತೆ. “ಹಾಗಾದ್ರೆ ಹೋಗಿ ಮಿಸ್.”